ಚಮಚದೊಳಗಿನ ಕಾಳಜಿ

ಆ ಕಾಲಕ್ಕೆ ನಮ್ಮ ಐನಾಪುರದಲ್ಲಿ ಟೈ ಕಟ್ಟುತ್ತಿದ್ದವರು ಇಬ್ಬರೇ. ಒಬ್ಬ, ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ ಮೆಡಿಕಲ್ ಅಂಗಡಿ ತವನಪ್ಪನ ಮೊಮ್ಮಗ. ಇನ್ನೊಬ್ಬ, ಔಷಧ ಕಂಪನಿಯ ಪ್ರತಿನಿಧಿ ಪಾರಿಸ ಮಗದುಮ್. ಮೊಮ್ಮಗನ ಟೈಗೆ ಹಿಂದೆ ರಬ್ಬರ್ ಇತ್ತು, ಪಾರಿಸನ ಟೈಗೆ ಗಂಟು ಇತ್ತು. ಆ ಗಂಟು ಹಾಕುವುದು ಮಾತ್ರ ಪಾರಿಸನಿಗೆ ಬರುತ್ತಿರಲಿಲ್ಲ. ಪುಣೆಯ ಟ್ರೇನಿಂಗಿನಲ್ಲಿ ಯಾರೋ ಪುಣ್ಯಾತ್ಮರು ಹಾಕಿಕೊಟ್ಟ ಗಂಟನ್ನು ಅವನು ಈವರೆಗೆ ಬಿಚ್ಚಿರಲಿಲ್ಲ. ಸಂಜೆ ತಲೆಯ ಮೇಲಿಂದ ತೆಗೆದು ಗೂಟಕ್ಕೆ ಹಾಕುವುದು, ಬೆಳಿಗ್ಗೆ ಎತ್ತಿಗೆ ಹಗ್ಗ ಹಾಕಿದಂತೆ ಮತ್ತೆ ಕೊರಳಿಗೆ ಏರಿಸುವುದು. ಇದು ಎಂಬತ್ತೆಂಟನೇ ಇಸವಿಯ ಮಾತು. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ಅಂತ ಲೂನಾದ ಮೇಲೆ ಬಿಸಿಲಲ್ಲಿ ತಿರುಗಿ ಬರುವಷ್ಟರಲ್ಲಿ ಪಾರಿಸ ಬಾಡಿಹೋಗಿರುತ್ತಿದ್ದ, ಗಂಟು ಮಾತ್ರ ಹಾಗೇ ನಿಂತಿರುತ್ತಿತ್ತು.

ಅವನ ಚೀಲದಲ್ಲಿ ಹಲವು ಔಷಧಗಳಿದ್ದರೂ ಅವನ ಅನ್ನ ಇದ್ದದ್ದು ತೇಜೋಫರ್ ಎಂಬ ಟಾನಿಕ್ಕಿನಲ್ಲಿ. ರಕ್ತ ಕಡಿಮೆ ಇದ್ದವರಿಗೆ ರಕ್ತ, ಹಸಿವು ಇಲ್ಲದವರಿಗೆ ಹಸಿವು, ಏನೂ ಆಗದವರಿಗೆ ಏನೋ ಒಂದು ಸಮಾಧಾನ ಕೊಡುವ ಟಾನಿಕ್ಕು ಅದು. ಬಾಟ್ಲಿಯ ಮೇಲೆ ಹಸಿರು ಎಲೆಯ ಚಿತ್ರ. ಟ್ರೇನಿಂಗಿನಲ್ಲಿ ಇದು ನ್ಯಾಚುರಲ್ ಸೋರ್ಸಿನಿಂದ ತಯಾರಾದದ್ದು ಎಂದು ಹೇಳಿಕೊಟ್ಟಿದ್ದರು. ಯಾವ ಸೋರ್ಸು ಎಂದು ಪಾರಿಸ ಕೈ ಎತ್ತಿ ಕೇಳಿದ್ದ. ನ್ಯಾಚುರಲ್ ಎಂದು ಉತ್ತರ ಬಂದಿತ್ತು. ಅವನು ಅದನ್ನು ಶ್ರದ್ಧೆಯಿಂದ ಬಾಯಿಪಾಠ ಮಾಡಿದ್ದ.

ಊರಿನ ಡಾಕ್ಟರ್ ಭೀಮಗೊಂಡ ಪಾಟೀಲರು ಜೈನರು, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕದವರು. ಪಾರಿಸನೂ ಅದೇ ಸಮಾಜದವನು. ಹಾಗಾಗಿ ಅವರಿಬ್ಬರ ನಡುವಿನ ವೈದ್ಯಕೀಯ ಚರ್ಚೆ ಬಹಳ ಚಿಕ್ಕದಾಗಿರುತ್ತಿತ್ತು.

"ಇದರಾಗ ಏನೈತೋ ಪಾರಿಸಾ?"

"ನ್ಯಾಚುರಲ್ ಸೋರ್ಸ್ ಐತ್ರಿ ಸರ್."

"ಚಲೋ ಆತು," ಎಂದು ಡಾಕ್ಟರರು ಕಂಪನಿಯವರು ಕೊಟ್ಟ ಪೆನ್ನಿನಿಂದಲೇ ಚೀಟಿ ಬರೆಯುತ್ತಿದ್ದರು.

ಹೀಗೆ ಬಸದಿಗೆ ನಡೆದುಕೊಳ್ಳುವ ಅರ್ಧ ಊರು ತೇಜೋಫರ್ ಕುಡಿಯುತ್ತಿತ್ತು. ಎಲ್ಲರಿಗಿಂತ ಹೆಚ್ಚು ಭಕ್ತಿಯಿಂದ ಕುಡಿಯುತ್ತಿದ್ದವಳು ಪಾರಿಸನ ತಾಯಿ ಲಕ್ಷ್ಮಿಬಾಯಿ. ಆಕೆ ನೆಲದೊಳಗೆ ಬೆಳೆದದ್ದನ್ನು ತಿನ್ನದವಳು, ನೀರನ್ನು ಸೋಸದೆ ಕುಡಿಯದವಳು. ಮಗ ತಂದಿಟ್ಟ ಸ್ಯಾಂಪಲ್ ಬಾಟ್ಲಿಯನ್ನು ಸಂಜೆ ಊಟಕ್ಕೆ ಮೊದಲು ಎತ್ತಿಕೊಂಡು, ಎಲೆಯ ಚಿತ್ರಕ್ಕೆ ಕೈ ಮುಗಿದು, ಒಂದು ಚಮಚ ಕುಡಿದು, ಚಮಚವನ್ನೂ ನೆಕ್ಕಿ ಇಡುತ್ತಿದ್ದಳು.

ಇಷ್ಟಾದರೂ ಏರಿಯಾ ಮ್ಯಾನೇಜರ್ ದೇವಧರ ಸಾಹೇಬರಿಗೆ ತೃಪ್ತಿಯಿರಲಿಲ್ಲ. ಅವರು ಕೊಲ್ಹಾಪುರದವರು. ಕನ್ನಡ ಬರುತ್ತಿತ್ತು, ಆದರೆ ಅವರ ಬಾಯಲ್ಲಿ ಅದು ಮರಾಠಿಯ ಅಂಗಿ ತೊಟ್ಟುಕೊಂಡು ಬರುತ್ತಿತ್ತು.

"ಮಗದುಮ್, ಡಾಕ್ಟರ್ ಲೋಕ ಬರದ್ರ ಸಾಕಾಗಲ್ಲ. ಪಬ್ಲಿಕ್ ಬಾಯಾಗ ತೇಜೋಫರ್ ಬರ್ಬೇಕು. ಗ್ವಾಡಿ ಮ್ಯಾಲ ಬಣ್ಣ ಹೊಡಸ್ರಿ. ಕನ್ನಡದಾಗ ಏನರ ಮಸ್ತಪೈಕಿ ಬರೀರಿ. ಸೇಲ್ ಬಂದ್ರ ನಿಮ್ಮ ನೌಕರಿ ಪರ್ಮನೆಂಟ್. ನಾಹೀತರ, ನಂತರ ಬಗೂ."

ಆ ನಂತರ ಬಗೂ, ಅಂದರೆ ಆಮೇಲೆ ನೋಡೋಣ, ಎಂಬ ಮಾತನ್ನು ಪಾರಿಸ ಕೆಲಸಕ್ಕೆ ಸೇರಿದಾಗಿನಿಂದ ಕೇಳುತ್ತಲೇ ಇದ್ದ. ಆದರೆ ಕನ್ನಡದಲ್ಲಿ ಬರೆಯಿರಿ ಎಂದದ್ದು ಅವನ ಮರ್ಮಕ್ಕೆ ತಾಗಿತು. ಕಾಲೇಜಿನ ಪ್ರಬಂಧ ಸ್ಪರ್ಧೆಯಲ್ಲಿ ಅವನಿಗೆ ಎರಡನೇ ಬಹುಮಾನ ಬಂದಿತ್ತು. ಸ್ಪರ್ಧೆಯಲ್ಲಿ ಇದ್ದವರೂ ಇಬ್ಬರೇ ಎಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಅತ್ತಿಂದಿತ್ತ ತಿರುಗಾಡಿ, ಕಣ್ಣು ಮುಚ್ಚಿ, ಕೊನೆಗೆ ಹೆಂಡತಿ ಕುಸುಮಳ ಮುಂದೆ ನಿಂತು ಹೇಳಿದ: "ತೇಜೋಫರ್. ಪ್ರತಿ ಚಮಚದಲ್ಲಿ ಕಾಳಜಿ."

ಕುಸುಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಕಾಳಜಿ ಅಂದ್ರ ಚಿಂತಿ ಅಲ್ಲೇನ್ರಿ? ಮನ್ಯಾಗ ಇದ್ದದ್ದ ಬೇಕಾದಷ್ಟ ಆಗೇತಿ. ಮತ್ತ ಚಮಚದಾಗ ಯಾಕ?"

ಸಾಹಿತ್ಯ ತಿಳಿಯದವರ ಜೊತೆ ಸಂಸಾರ ಮಾಡುವ ಕಷ್ಟ ಎಂಥದೆಂದು ಪಾರಿಸ ಅವತ್ತು ಮನಗಂಡ.

ಗೋಡೆಯ ಬರಹಕ್ಕೆ ನಿಪ್ಪಾಣಿಯಿಂದ ಪೇಂಟರ್ ಅಣ್ಣಾಸಾಬ ಬಂದ. ಆ ಭಾಗದ ಬೀಡಿ, ತಂಬಾಕು, ಬೀಜ, ಗೊಬ್ಬರ, ಚುನಾವಣೆ ಎಲ್ಲಕ್ಕೂ ಅವನದೇ ಕುಂಚ. ಮರಾಠಿಯನ್ನು ಅವನು ಬರೆಯುತ್ತಿದ್ದ, ಕನ್ನಡವನ್ನು ಚಿತ್ರ ತೆಗೆದಂತೆ ತೆಗೆಯುತ್ತಿದ್ದ. ತವನಪ್ಪನ ಅಂಗಡಿಯ ಪಕ್ಕದ ಗೋದಾಮಿನ ಗೋಡೆ ಗೊತ್ತುಮಾಡಿದ್ದಾಯಿತು. ಬಸದಿಗೆ ಹೋಗುವ ದಾರಿಯಲ್ಲಿ ಅಷ್ಟು ಅಗಲವಾದ ಗೋಡೆ ಇನ್ನೊಂದಿರಲಿಲ್ಲ.

"ಏನ ಬರೀಲ್ರಿ ಸಾಹೇಬ?"

"ಪ್ರತಿ ಚಮಚದಲ್ಲಿ ಕಾಳಜಿ."

"ಚಮಚದಾಗ?"

"ಹೌದು, ಚಮಚದಾಗ."

"ಕಾಳಜಿ?"

"ಅದು ಸಾಹಿತ್ಯ ಐತಿ ಅಣ್ಣಾಸಾಬ. ನೀ ಸುಮ್ಮನ ಬರಿ," ಎಂದು ಪಾರಿಸ ಲೂನಾ ಹತ್ತಿ ರಾಯಬಾಗಕ್ಕೆ ಹೋಗಿಬಿಟ್ಟ.

ಅಣ್ಣಾಸಾಬ ಬೀಡಿ ಹಚ್ಚಿಕೊಂಡು ಗೋಡೆಯ ಮುಂದೆ ಕುಳಿತು ವಿಚಾರ ಮಾಡಿದ. ಕಾಳಜಿ ಇರುವುದು ಮನುಷ್ಯನ ತಲೆಯಲ್ಲಿ. ಚಮಚದಲ್ಲಿ ಇರಬೇಕಾದರೆ ಅದು ಏನಾದರೂ ತಿನ್ನುವ ವಸ್ತುವೇ ಆಗಿರಬೇಕು. ರಕ್ತ ಬರುವ ಟಾನಿಕ್ಕು ಅಂತಾರೆ. ಹಾಗಾದರೆ ಸಾಹೇಬರು ಹೇಳಿದ್ದು ಕಾಳೀಜ. ಗಡಿಯ ಈಚೆ ಇರುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮರಾಠಿಯಲ್ಲಿ ಕಾಳೀಜ ಎಂದರೆ ಲಿವರ್, ಮಟನ್ ಅಂಗಡಿಯಲ್ಲಿ ಎಲ್ಲಕ್ಕಿಂತ ಮೊದಲು ಖಾಲಿಯಾಗುವ ಮಾಲು. ಟೈ ಕಟ್ಟಿದ ಮನುಷ್ಯನಿಗೆ ಗಂಟಲು ಬಿಗಿದು ಉಚ್ಚಾರ ತಪ್ಪಿದೆ ಎಂದು ಅಣ್ಣಾಸಾಬ ಕನಿಕರಪಟ್ಟು, ತಾನೇ ತಿದ್ದಿ ಬರೆದ. ಅಕ್ಷರಗಳು ಅವೇ ಇದ್ದವು. ಜಕಾರದ ಗುಡಿಸು ಮಾತ್ರ ಒಂದು ಮನೆ ಹಿಂದೆ ಸರಿದು, ದೀರ್ಘ ಎಳೆದುಕೊಂಡು ಕುಳಿತಿತ್ತು. ಅಷ್ಟಕ್ಕೇ ಬಿಡದೆ, ಅವನು ಮಾರುದ್ದದ ಚಮಚವೊಂದನ್ನು ತೆಗೆದು, ಅದರಲ್ಲಿ ಕಡುಗೆಂಪು ಬಣ್ಣದ ಒಂದು ತುಂಡನ್ನು ಹೊಳಪು ಸಮೇತ ಮೂಡಿಸಿದ. ಕಲಾವಿದನಾಗಿ ಅವನ ಜೀವಮಾನದ ಕೆಲಸ ಅದು.

ಮರುದಿನ ಬೆಳಿಗ್ಗೆ ಅದನ್ನು ಮೊದಲು ಕಂಡವರು ಮಹಿಳಾ ಸಮಾಜದ ಸುಗಂಧಾಬಾಯಿ. ಅಕ್ಷತೆಯ ತಟ್ಟೆ ಹಿಡಿದು ಬಸದಿಗೆ ಹೊರಟಿದ್ದವರು ಗೋಡೆ ಓದಿದರು, ಚಿತ್ರ ನೋಡಿದರು, ಮತ್ತೊಮ್ಮೆ ಓದಿದರು. ಆಮೇಲೆ ನೇರವಾಗಿ ಲಕ್ಷ್ಮಿಬಾಯಿಯ ಅಂಗಳಕ್ಕೆ ಬಂದು ನಿಂತರು.

"ಲಕ್ಷ್ಮಿಬಾಯಿ, ನಿನ್ನ ಮಗ ನಮಗೆಲ್ಲಾ ಏನ ಕುಡಿಸ್ಯಾನ?"

"ಎಲಿ ರಸ," ಎಂದಳು ಲಕ್ಷ್ಮಿಬಾಯಿ.

"ಎಂಥಾ ಎಲಿ ಅಂತ ಗ್ವಾಡಿ ಮ್ಯಾಲ ತಗದಾರ, ಬಂದ ನೋಡು."

ಮಧ್ಯಾಹ್ನದೊಳಗೆ ತವನಪ್ಪನ ಅಂಗಡಿಯ ಕಟ್ಟೆಯ ಮೇಲೆ ತೇಜೋಫರ್ ಬಾಟ್ಲಿಗಳು ಸಾಲಾಗಿ ವಾಪಸು ಬಂದವು. ಸೀಲ್ ಒಡೆಯದವು, ಅರ್ಧವಾದವು, ತಳದಲ್ಲಿ ಒಂದು ಗುಟುಕು ಉಳಿದವು. ಒಬ್ಬ ಅಜ್ಜಿ ಪೂರ್ತಿ ಖಾಲಿ ಬಾಟ್ಲಿ ತಂದಿಟ್ಟಳು. "ಇದನ್ನ ಕುಡದ ಮುಗಿಸೇನಿ ತವನಪ್ಪಾ. ಒಳಗ ಹ್ವಾದದ್ದನ್ನ ಹೆಂಗ ವಾಪಸ ಕೊಡ್ಲಿ, ಅದನ್ನಷ್ಟ ಹೇಳು," ಎಂದಳು. ಅರವತ್ತು ವರ್ಷ ವ್ಯಾಪಾರ ಕಂಡ ಮನೆತನದ ತವನಪ್ಪ ಆ ಖಾಲಿ ಬಾಟ್ಲಿಯನ್ನೂ ಸಾಲಿನ ಕೊನೆಗೆ ಇಟ್ಟುಕೊಂಡ.

ಅದೇ ಹೊತ್ತಿಗೆ ಮಂಗಸೂಳಿ ಕಡೆಯಿಂದ ಕುರಿ ಹೊಡೆದುಕೊಂಡು ಬಂದ ಸಿದರಾಯ ಅದೇ ಗೋಡೆಯ ಮುಂದೆ ನಿಂತು, ಅಕ್ಷರ ಕೂಡಿಸಿ ಕೂಡಿಸಿ ಓದಿದ. ಅವನ ಮಗಳು ಸತ್ತೆವ್ವ ಬಾಣಂತಿ. ಮೈಯಲ್ಲಿ ರಕ್ತವಿಲ್ಲ, ಕಾಳೀಜ ಬೇಯಿಸಿ ಹಾಕು ಎಂದು ಸೂಲಗಿತ್ತಿ ಹೇಳಿದ್ದಳು. ಅವನು ಅಂಗಡಿಗೆ ಬಂದು ಕಟ್ಟೆಯ ಮೇಲಿನ ಸಾಲು ನೋಡಿದ.

"ಇವು ಮಾರೂವೇನ್ರಿ ಸಾವಕಾರ್ರ?"

"ಇವ್ರಿಗೆ ಬ್ಯಾಡಾಗ್ಯಾವ," ಎಂದ ತವನಪ್ಪ.

"ನಮಗ ಬೇಕಾಗ್ಯಾವ," ಎಂದ ಸಿದರಾಯ. ಸೀಲ್ ಒಡೆಯದ ಬಾಟ್ಲಿಗಳನ್ನೆಲ್ಲ ಕಂಬಳಿಯಲ್ಲಿ ಕಟ್ಟಿಕೊಂಡು ಹೋಗಿ, ಸಂಜೆಗೆ ತನ್ನ ಓಣಿಯವರನ್ನೂ ಕರೆದುಕೊಂಡು ಬಂದ.

ರಾತ್ರಿ ರಾಯಬಾಗದಲ್ಲೇ ಉಳಿದಿದ್ದ ಪಾರಿಸ ಸಂಜೆ ಬಂದು ಲೂನಾದಿಂದ ಇಳಿದಾಗ ಅಂಗಡಿಯ ಮುಂದೆ ಎರಡು ಗುಂಪುಗಳಿದ್ದವು. ಒಂದು ಗುಂಪು ಅವನನ್ನು ನುಂಗುವಂತೆ ನೋಡಿತು. ಇನ್ನೊಂದು ಕೈಯೆತ್ತಿ ನಮಸ್ಕಾರ ಮಾಡಿತು. ಅವನು ಎರಡೂ ಗುಂಪುಗಳಿಗೆ ನಮಸ್ಕಾರ ಮಾಡಿ ಗೋಡೆಯ ಕಡೆ ನೋಡಿದ.

"ಕಾಕಾ, ಇದು ಪೇಂಟರನ ತಪ್ಪು. ನಾ ಹೇಳಿದ್ದು ಕಾಳಜಿ."

"ಹಂಗಾರ ಬಾಟ್ಲಿ ಮ್ಯಾಲಿಂದು ಎಲ್ಲಾರ ಮುಂದ ಓದು," ಎಂದ ತವನಪ್ಪ. "ಇರಿವಿ ಕಾಲಿನಂಥಾ ಅಕ್ಷರ ಅದಾವ, ನನ್ನ ಚಸ್ಮಾಕ್ಕ ಸಿಗಂಗಿಲ್ಲ. ಓದಿದಿ ಅಂದ್ರ ಗುಮಾನಿ ಹರೀತು."

ಪಾರಿಸನಿಗೆ ಜೀವ ಬಂದಿತು. ಬಾಟ್ಲಿ ಎತ್ತಿಕೊಂಡು, ಗಂಟಲು ಸರಿಮಾಡಿಕೊಂಡು, ಒಂದೊಂದೇ ಹೆಸರು ಓದತೊಡಗಿದ. ಕಬ್ಬಿಣದ ಸತ್ವದ ಹೆಸರು ಬಂತು. ಬಸದಿಯ ಗುಂಪು ತಲೆಯಾಡಿಸಿತು. ಫೋಲಿಕ್ ಆಸಿಡ್ ಬಂತು. ಅರ್ಥವಾಗದಿದ್ದರೂ ಸಾತ್ವಿಕವಾಗಿ ಕೇಳಿಸಿತು. ಮುಂದಿನ ಸಾಲಿಗೆ ಬಂದ. ಅಲ್ಲಿ ಲಿವರ್ ಫ್ರ್ಯಾಕ್ಷನ್ ಎಂದಿತ್ತು.

ಎರಡು ವರ್ಷ ಆ ಬಾಟ್ಲಿಯನ್ನು ಹೊತ್ತು ತಿರುಗಿದ ಮನುಷ್ಯ ಆ ಸಾಲನ್ನು ಓದಿದ್ದು ಅದೇ ಮೊದಲು.

"ಲಿ," ಎಂದ ಪಾರಿಸ.

"ಲಿ ಅಂದ್ರ?" ಎಂದರು ಸುಗಂಧಾಬಾಯಿ.

ನೌಕರಿ ಕಣ್ಣ ಮುಂದೆ ಬಂತು. ನಂತರ ಬಗೂ ಕಿವಿಯಲ್ಲಿ ಕೇಳಿತು. "ಲಿಂಬು," ಎಂದ. "ಲಿಂಬು ಐತಿ. ವಾಸನಿಗೆ."

ಗುಂಪು ನಿಟ್ಟುಸಿರು ಬಿಟ್ಟಿತು. ತಪ್ಪು ಪೇಂಟರನದೆಂದೂ, ಅವನು ತನ್ನ ಸ್ವಂತ ಬಣ್ಣದಲ್ಲಿ ಗೋಡೆಯನ್ನು ಸರಿಮಾಡಬೇಕೆಂದೂ ಅಲ್ಲೇ ತೀರ್ಮಾನವಾಯಿತು. ಕುರುಬರ ಗುಂಪಿನಿಂದ ಸಿದರಾಯ ಒಬ್ಬನೇ ಪಾರಿಸನ ಹತ್ತಿರ ಬಂದು, ಕಣ್ಣು ಮಿಟುಕಿಸಿ, ಸಣ್ಣ ದನಿಯಲ್ಲಿ ಹೇಳಿದ: "ಸಮಾಜಕ್ಕ ಅಂಜಿ ಹಂಗ ಅಂದ್ರಿ, ತಿಳೀತು ಬಿಡ್ರಿ ಸಾಹೇಬ್ರ. ನಾವು ಯಾರಿಗೂ ಹೇಳಂಗಿಲ್ಲ. ಬಾಟ್ಲಿಗೊಂದು ಕಾಳೀಜ ಇರ್ತೈತೇನ್ರಿ? ಇನ್ನ ಮ್ಯಾಲ ಸತ್ತೆವ್ವಗ ಮನ್ಯಾಗ ಬೇಯಿಸೂದು ಬಿಟ್ಟೀವಿ. ಬಾಟ್ಲಿನ ಸಾಕಲ್ಲ?"

ಪಾರಿಸ ಲೂನಾ ತಳ್ಳಿಕೊಂಡು ಮನೆಗೆ ನಡೆದ. ಹತ್ತಿ ಹೋಗಬೇಕೆಂಬುದೂ ಅವನಿಗೆ ಹೊಳೆಯಲಿಲ್ಲ.

ಮನೆಯಲ್ಲಿ ಲಕ್ಷ್ಮಿಬಾಯಿ ಎಲೆಯ ಚಿತ್ರಕ್ಕೆ ಕೈ ಮುಗಿಯುತ್ತಿದ್ದಳು. "ಮುಂಜಾನೆ ನಿನ್ನ ಮ್ಯಾಲ ಸಂಶೇ ಪಟ್ಟೆ, ನನ್ನ ತಪ್ಪಾತು," ಎಂದು ಬಾಟ್ಲಿಯ ಕ್ಷಮೆ ಕೇಳಿ, ಪ್ರಾಯಶ್ಚಿತ್ತವೆಂದು ಅವತ್ತು ಎರಡು ಚಮಚ ಕುಡಿಯಲು ತಯಾರಾದಳು. ಒಂದು ಚಮಚ ಒಳಗೆ ಹೋಗಿಯೇಬಿಟ್ಟಿತು. "ಲಿಂಬು ಐತಿ ಅಂದ್ಯಂತಲ್ಲೋ ಪಾರಿಸಾ. ಅದಕ್ಕ ಹಿಂಗ ನಾಲಿಗಿಗೆ ಹುಳಿ ಹತ್ತತೈತಿ ನೋಡು."

ಎರಡನೇ ಚಮಚ ತುಂಬುವಾಗ ಪಾರಿಸನ ಮೊಣಕೈ ಬಾಟ್ಲಿಗೆ ತಾಗಿತು. ತಾಗಿತು ಎನ್ನುವುದಕ್ಕಿಂತ ತಾಗಿಸಿದ ಎನ್ನಬೇಕು. ಬಾಟ್ಲಿ ಬಿದ್ದು ಒಡೆಯಿತು.

"ಹೋಗ್ಲಿ ಬಿಡು," ಎಂದಳು ಲಕ್ಷ್ಮಿಬಾಯಿ. "ನಾಳೆ ಇನ್ನೊಂದ ತಾ."

ಅವತ್ತು ಅವನು ಊಟ ಮಾಡಲಿಲ್ಲ. ಕುಸುಮ ಕಾರಣ ಕೇಳಿದಳು. "ಕಾಳಜಿ," ಎಂದ. "ಚಮಚದಾಗಿಂದೋ, ತಲ್ಯಾಗಿಂದೋ?" ಎಂದು ಕೇಳಿ ಅವಳು ತಟ್ಟೆ ಎತ್ತಿಟ್ಟಳು.

ಮರುದಿನ ಗಾಡಿ ಮಾಡಿಕೊಂಡು ದೇವಧರ ಸಾಹೇಬರೇ ಬಂದರು. ಮುಖದಲ್ಲಿ ಹಬ್ಬದ ಕಳೆ. ಐನಾಪುರ, ಮಂಗಸೂಳಿಗಳಿಂದ ರಾತ್ರಿಯೇ ಫೋನಿನಲ್ಲಿ, ಗೋಡೆಯ ಸುದ್ದಿಯ ಸಮೇತ, ಎಂದೂ ಬಾರದಷ್ಟು ಆರ್ಡರು ಬಂದಿತ್ತು.

"ಸಾಹೇಬ್ರ, ಇದರಾಗ ಲಿವರ್ ಐತಂತ ನನಗ್ಯಾಕ ಹೇಳ್ಲಿಲ್ರಿ?" ಎಂದ ಪಾರಿಸ.

"ಹೇಳೀವಲ್ಲ, ನ್ಯಾಚುರಲ್ ಸೋರ್ಸ್. ಅರೇ, ಜನಾವರ ಏನು ಫ್ಯಾಕ್ಟರಿಯಾಗ ಹುಟ್ಟತೈತೇನು?"

"ಮತ್ತ ಎಲಿ ಚಿತ್ರ ಯಾಕ್ರಿ?"

"ಜನಾವರ ಏನು ತಿಂತೈತಿ? ಎಲಿನ ತಿಂತೈತಿ."

ಸಾಹೇಬರು ಅವನ ಹೆಗಲ ಮೇಲೆ ಕೈ ಹಾಕಿ ಯೋಜನೆ ವಿವರಿಸಿದರು. ಬಸದಿಯ ದಾರಿಯ ಗೋಡೆಯಲ್ಲಿ ಕಾಳಜಿ. ಮಂಗಸೂಳಿ ರಸ್ತೆಯಲ್ಲಿ ಹೊಸ ಗೋಡೆ ಹಿಡಿದು ಅಲ್ಲಿ ಕಾಳೀಜ. ಎರಡು ಗೋಡೆ, ಎರಡು ಪಬ್ಲಿಕ್, ಟಾನಿಕ್ಕು ಒಂದೇ. ಪೇಂಟರ್ ತಪ್ಪು ಒಪ್ಪಿಕೊಂಡು ಎರಡನ್ನೂ ದಂಡವೆಂದು ಪುಕ್ಕಟೆ ಬರೆಯಬೇಕು. "ಆನಿ ಮಗದುಮ್, ಇವತ್ತ ಸಂಜಿಗೇ ತುಮ್ಹೀ ಪರ್ಮನೆಂಟ್."

ಗೋದಾಮಿನ ಗೋಡೆಯ ಮುಂದೆ ಊರೇ ನೆರೆದಿತ್ತು. ಅಣ್ಣಾಸಾಬ ಏಣಿಯ ಮೇಲೆ ಸುಣ್ಣದ ಡಬ್ಬಿ ಹಿಡಿದು, ಹೆತ್ತ ಮಗುವಿನ ಹೆಸರು ಅಳಿಸಲು ಹೊರಟವನ ಹಾಗೆ ಮುಖ ಮಾಡಿಕೊಂಡು, ಆ ಕಡುಗೆಂಪು ತುಂಡನ್ನು ನೋಡುತ್ತಿದ್ದ. ಕೆಳಗೆ ತವನಪ್ಪ, ದವಾಖಾನೆ ಬಿಟ್ಟು ಬಂದ ಡಾಕ್ಟರ್ ಭೀಮಗೊಂಡ, ಸುಗಂಧಾಬಾಯಿ, ಕುರಿಗಳ ಸಮೇತ ಸಿದರಾಯ. ಬಸದಿಯಿಂದ ಮರಳುತ್ತಿದ್ದ ಲಕ್ಷ್ಮಿಬಾಯಿಯೂ ತಟ್ಟೆ ಹಿಡಿದು ನಿಂತಳು.

"ಹೇಳಪಾ ಪೇಂಟರ್," ಎಂದರು ದೇವಧರ. "ತಪ್ಪು ಯಾರದು?"

ಅಣ್ಣಾಸಾಬ ಪಾರಿಸನ ಕಡೆ ನೋಡಿದ. "ನಂದ ರೀ," ಎಂದ. "ಬಡವರದ ಇರ್ತೈತ್ರಿ ಯಾವಾಗ್ಲೂ."

ಪಾರಿಸ ಮುಂದೆ ಬಂದ. ಏಣಿಯನ್ನು ಎರಡೂ ಕೈಯಿಂದ ಹಿಡಿದುಕೊಂಡ.

"ಅಣ್ಣಾಸಾಬ, ಕೆಳಗ ಇಳಿ. ಕಾಕಾ, ನಿನ್ನೆ ನಾ ಲಿಂಬು ಅಂತ ಓದಿದೆ. ಅದರಾಗ ಲಿಂಬು ಇಲ್ಲ. ಲಿವರ್ ಐತಿ. ಇವ ಬರದ ಗುಡಿಸು ತಪ್ಪೈತಿ, ಮಾತು ಖರೇ ಐತಿ."

ತವನಪ್ಪ ಚಸ್ಮಾ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಡಾಕ್ಟರ್ ಭೀಮಗೊಂಡರು ಕಿಸೆಯಿಂದ ಕಂಪನಿಯ ಪೆನ್ನು ತೆಗೆದು ದೇವಧರರ ಕೈಯಲ್ಲಿಟ್ಟು, "ಅವ ಓದಬೇಕಿತ್ತು. ಅವನಕಿಂತ ಮೊದಲ ನಾ ಓದಬೇಕಿತ್ತು," ಎಂದರು.

ಸಿದರಾಯ ಮಾತ್ರ ಹಿಗ್ಗಿದ. "ನಾ ಹೇಳಿದ್ನಲ್ಲ. ಬಾಟ್ಲಿಗೊಂದು ಕಾಳೀಜ."

"ಭಾಳ ಖುಷಿ ಆಗಬ್ಯಾಡ ಸಿದರಾಯಣ್ಣ," ಎಂದ ಪಾರಿಸ. ಒಮ್ಮೆ ಖರೆ ಹೇಳಲು ಹೊರಟವನಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. "ಇಡೀ ಬಾಟ್ಲ್ಯಾಗ ಉಗುರಿನಷ್ಟೂ ಇಲ್ಲ. ಸತ್ತೆವ್ವಗ ಮನ್ಯಾಗ ಬೇಯಿಸಿ ಹಾಕೋದು ಬಿಡಬ್ಯಾಡ."

ಬಸದಿಯ ಓಣಿಯಲ್ಲಿ ನಿಂತು, ಮಗದುಮ್ ಮನೆತನದ ಹುಡುಗ, ಕಾಳೀಜ ಬೇಯಿಸಿ ಹಾಕು ಎಂದು ಉಪದೇಶ ಮಾಡಿದ್ದನ್ನು ಕೇಳಿ ಸುಗಂಧಾಬಾಯಿ ಎರಡೂ ಕಿವಿ ಮುಚ್ಚಿಕೊಂಡರು.

ಅವತ್ತು ತವನಪ್ಪನ ಅಂಗಡಿಯಲ್ಲಿ ಎರಡು ಸಾಲು ನಿಂತವು. ಒಂದು ಸಾಲಿನವರು ಲಿವರ್ ಇದೆ ಎಂದು ಬಾಟ್ಲಿ ವಾಪಸು ಮಾಡಿದರು. ಇನ್ನೊಂದು ಸಾಲಿನವರು ಲಿವರ್ ಸಾಲದು ಎಂದು ವಾಪಸು ಮಾಡಿದರು. ಒಂದು ಕಂಪನಿಯ ಮಾಲನ್ನು ಎರಡು ಕಡೆಯಿಂದ ಹೀಗೆ ಏಕಕಾಲಕ್ಕೆ ಮುಳುಗಿಸಿದ ಪ್ರತಿನಿಧಿ ನಮ್ಮ ಸೀಮೆಯಲ್ಲಿ ಇನ್ನೊಬ್ಬನಿಲ್ಲ. ದೇವಧರ ಸಾಹೇಬರು ಚೀಲ ಇಸಿದುಕೊಂಡರು, ಸ್ಯಾಂಪಲ್ ಇಸಿದುಕೊಂಡರು. "ಟೈ ಕೂಡ ಕಂಪನೀದು," ಎಂದರು. ಪಾರಿಸ ಅದನ್ನು ತಲೆಯ ಮೇಲಿಂದ ತೆಗೆದು, ಗಂಟು ಸಮೇತ ಕೊಟ್ಟ. ಕುರ್‌ ಕುರ್‌ ಎನ್ನುತ್ತಾ ಗಾಡಿ ಹೋಯಿತು. ನಂತರ ಬಗೂ ಎನ್ನುವುದನ್ನು ಸಾಹೇಬರು ಅವತ್ತು ಮರೆತರು.

ಲಕ್ಷ್ಮಿಬಾಯಿ ಬಸದಿಯ ತಟ್ಟೆ ಹಿಡಿದುಕೊಂಡೇ ಗುಂಪಿನಿಂದ ಹೊರಟಳು. ಮನೆಗೆ ಬಂದು ಬಾಯಿ ತೊಳೆದಳು. ಮತ್ತೆ ತೊಳೆದಳು. ಅವತ್ತಿಡೀ ಉಪವಾಸ ಕುಳಿತಳು. ಪಾರಿಸ ಅವಳ ಎದುರು ತಲೆ ತಗ್ಗಿಸಿ ಕುಳಿತ.

"ಅವ್ವಾ, ನಾ ಓದಲಿಲ್ಲ. ಓದಿದ ಮ್ಯಾಲೂ ಒಂದ ದಿನ ಸುಳ್ಳ ಹೇಳಿದೆ. ಒಂದ ಚಮಚ ನನ್ನ ಕಣ್ಣ ಮುಂದ ಕುಡದಿ."

"ಎರಡು ವರ್ಷ ಮ್ಯಾಲ ಕೆಳಗ ಮಾಡಿದೆ, ಮಾಡು ಏರಿ ಶ್ಯಾಂಡಗಿ ಒಣಗ ಹಾಕಿದೆ," ಎಂದಳು ಲಕ್ಷ್ಮಿಬಾಯಿ ನಿಧಾನವಾಗಿ. "ಅದೆಲ್ಲಾ ಯಾವ ಜೀವದ ಶಕ್ತಿ ಇತ್ತೋ ಪಾರಿಸಾ? ಪಾಪ, ಯಾರದೋ ಏನೋ." ಆಕೆಯ ಕಣ್ಣಲ್ಲಿ ನೀರು ಬಂತು. ಮಗನ ಮೇಲಿನ ಸಿಟ್ಟಿಗಿಂತ ಆ ಗುರುತಿಲ್ಲದ ಜೀವದ ಮೇಲಿನ ಮರುಕವೇ ಅದರಲ್ಲಿ ಹೆಚ್ಚಿತ್ತು. ಅದನ್ನು ಕಂಡು ಪಾರಿಸನಿಗೂ ಅಳು ಬಂತು.

ಜೈನರಲ್ಲಿ ತಪ್ಪಾದರೆ ನೇಮ ಹಿಡಿದು ಏನಾದರೊಂದನ್ನು ಬಿಡುವ ಪದ್ಧತಿಯಿದೆ. ಲಕ್ಷ್ಮಿಬಾಯಿ ತನಗೆ ಬಹಳ ಇಷ್ಟವಾದ ಎಳ್ಳಿನ ಹೋಳಿಗೆ ಬಿಟ್ಟಳು. ನಾನೇನು ಬಿಡಲಿ ಎಂದು ಪಾರಿಸ ಕೇಳಿದ. ಆಕೆ "ನ್ಯಾಚುರಲ್ ಅನ್ನೋದನ್ನ ಬಿಡು," ಎಂದಳು. ಈ ಸೀಮೆಯಲ್ಲಿ ಬೆಲ್ಲ ಬಿಟ್ಟವರಿದ್ದಾರೆ, ಬದನೆ ಬಿಟ್ಟವರಿದ್ದಾರೆ. ಒಂದು ಇಂಗ್ಲಿಷ್ ಶಬ್ದ ಬಿಟ್ಟವನು ಪಾರಿಸನೊಬ್ಬನೇ.

ಕೆಲವು ತಿಂಗಳು ಅವನು ಮನೆಯಲ್ಲೇ ಕುಳಿತ. ಆಮೇಲೆ ಕ್ಯಾಲ್ಸಿಯಂ ಪುಡಿ ಮಾಡುವ ಒಂದು ಸಣ್ಣ ಕಂಪನಿಯವರು ತವನಪ್ಪನ ಬಳಿ ಹುಡುಗರ ಬಗ್ಗೆ ವಿಚಾರಿಸಿದರು. "ಒಬ್ಬ ಅದಾನ," ಎಂದ ತವನಪ್ಪ. "ಸುಳ್ಳ ಹೇಳಾಕ ಕಲಿತಿಲ್ಲ, ಅದೊಂದು ಅಡಚಣಿ ಐತಿ. ನಡೀತೈತಿ ಅಂದ್ರ ತಗೋರಿ." ಪಗಾರ ಕಡಿಮೆ, ಟೈ ಇರಲಿಲ್ಲ. ಪಾರಿಸ ಸೇರಿದ. ಡಾಕ್ಟರ್ ಭೀಮಗೊಂಡರು ಈಗ ಅವನನ್ನು ಮೊದಲು ಕೂಡಿಸಿ, ಡಬ್ಬಿಯನ್ನು ತಾವೇ ಬೆಳಕಿಗೆ ಹಿಡಿದು, ಕೊನೆಯ ಸಾಲಿನವರೆಗೆ ಓದಿ, ಆಮೇಲೆ ಸ್ವಂತ ಪೆನ್ನಿನಿಂದ ಬರೆಯತೊಡಗಿದರು.

ಪುಡಿಯ ಮೊದಲ ಡಬ್ಬಿಯನ್ನು ಅವನು ತಾಯಿಯ ಮುಂದೆ ತಂದಿಟ್ಟಾಗ ಹೊತ್ತು ಮುಳುಗುವುದರಲ್ಲಿತ್ತು. ಲಕ್ಷ್ಮಿಬಾಯಿಯ ಮೊಣಕಾಲು ನೋವು ಆಗ ಜಾಸ್ತಿಯಾಗಿತ್ತು. ಆಕೆ ಡಬ್ಬಿಯನ್ನು ಮುಟ್ಟಲಿಲ್ಲ.

"ಓದು," ಎಂದಳು.

ಪಾರಿಸ ಬಾಗಿಲ ಬೆಳಕಿಗೆ ಕುಳಿತು, ಇರುವೆ ಕಾಲಿನಂಥ ಅಕ್ಷರಗಳನ್ನು ಒಂದೂ ಬಿಡದೆ ಓದಿದ. ಎಲ್ಲ ಇಂಗ್ಲಿಷ್ ಹೆಸರುಗಳು. ತಯಾರಿಸಿದ ಊರನ್ನೂ ತಿಂಗಳನ್ನೂ ಓದಿದ. ತಂಪು ಜಾಗದಲ್ಲಿ ಇಡಿ ಎಂಬುದನ್ನೂ ಓದಿದ. ಲಕ್ಷ್ಮಿಬಾಯಿ ಬಸದಿಯಲ್ಲಿ ಕುಳಿತಂತೆ ಕೈ ಜೋಡಿಸಿ, ಒಂದಕ್ಷರ ತಿಳಿಯದಿದ್ದರೂ ಪೂರ್ತಿ ಕೇಳಿದಳು.

"ಮುಗೀತೇನು?"

"ಮುಗೀತವ್ವಾ."

"ಗ್ವಾಡಿ ಮ್ಯಾಲ ಏನೋ ಬರಸಿದ್ಯಲ್ಲ ಆವಾಗ. ಕಾಳಜಿ. ಅದು ಐತೇನು ಇದರಾಗ?"

ಪಾರಿಸ ಡಬ್ಬಿಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದ. "ಇದರ ಮ್ಯಾಲ ಬರದಿಲ್ಲವ್ವಾ," ಎಂದ.

"ಬರದಿಲ್ಲಂದ್ರ ಇರಬೇಕು," ಎಂದಳು ಲಕ್ಷ್ಮಿಬಾಯಿ, ಮತ್ತು ಚಮಚ ಮುಂದೆ ಹಿಡಿದಳು.